ಜೂನ್ ಒಂದಕ್ಕೆ ಹುಟ್ಟಿದವರು

ಬ್ಯಾಂಕಿನ ಹುಡುಗ ಪರದೆಯನ್ನು ನನ್ನ ಕಡೆ ತಿರುವಿದ.
ಐನೂರಾ ಎಂಬತ್ತೇಳು.
ಎಷ್ಟಕ್ಕೆ, ಅಂದೆ. ಒಂಬೈನೂರಕ್ಕೆ, ಅಂದ.
ಹಂಗಾದ್ರೆ ಪಾಸಲ್ಲೇನಪ್ಪ?
ಸಿಬಿಲ್‌ನಾಗ ಪಾಸು ಬ್ಯಾರೇನೇ ಐತಮ್ಮ, ಅಂದು
ಕೆಂಪು ಅಕ್ಷರದ ಮೇಲೆ ಪೆನ್ನಿನ ಮೊನೆ ಇಟ್ಟ.

ನನಗೆ ಬೇಕಿದ್ದದ್ದು ಒಂದು ಕಾಜಾ ಮಷೀನು.
ಕೌಲ್ ಬಜಾರಿನ ನಮ್ಮ ತಗಡಿನ ಶೆಡ್ಡಿನಲ್ಲಿ
ಐದು ಹೊಲಿಗೆ ಮಷೀನು, ನಾಲ್ಕು ಹೆಣ್ಣುಮಕ್ಕಳು, ಒಂದು ಫ್ಯಾನು.
ಗುಂಡಿಯ ತೂತಿಗೆಂದೇ ದಿನಾ ಜೀನ್ಸಿನ ಗಂಟು ಹೊತ್ತು
ಮೂರು ಗಲ್ಲಿ ಆಚೆ ಓಡಬೇಕು.
ಕಾಜಾ ಹಾಕುವವನ ಹೆಸರೂ ಖಾಜಾ. ನಗುತ್ತೇವೆ.
ತೂತಿಗಿಷ್ಟು ಅಂತ ದುಡ್ಡು ಎಣಿಸುವಾಗ ನಗು ನಿಲ್ಲುತ್ತದೆ.

ಕೆಂಪು ಸಾಲು ಎರಡಿದ್ದವು.

ಮೊದಲನೆಯದು ನನ್ನದೇ.
ಕೊರೋನಾ ವರ್ಷ, ಮಷೀನಿಗೆ ಹೊದಿಸಿದ ಬಟ್ಟೆಯ ಮೇಲೆ
ಬೆಕ್ಕು ಮರಿ ಹಾಕಿತ್ತು.
ಏಳು ಕಂತು ಕಟ್ಟಲಿಲ್ಲ.
ಫೈನಾನ್ಸಿನವನು ಬಂದ, ನೀರು ಕುಡಿದ, ಮೆತ್ತಗೆ ಹೇಳಿದ:
ಅರವತ್ತೊಂದು ಸಾವಿರ ಐತಿ,
ಮೂವತ್ತೆಂಟು ಕೊಟ್ಟು ಸೆಟ್ಲ್ ಮಾಡ್ಕೊಂಡುಬಿಡಮ್ಮ.
ಬೋರಮಾಳ ಮಾರಿ ಕೊಟ್ಟೆ.
ತಮ್ಮ ರೈಲ್ವೆಯಲ್ಲಿ ಸೆಟ್ಲ್ ಆದಾಗ,
ಅಕ್ಕನ ಮಗಳು ಹೊಸಪೇಟೆಯಲ್ಲಿ ಸೆಟ್ಲ್ ಆದಾಗ
ಹಂಚಿದ ಹಾಗೆ ಓಣಿಗೆಲ್ಲ ಪೇಡೆ ಹಂಚಿದೆ.

ಈಗ ಈ ಹುಡುಗ ಹೇಳುತ್ತಾನೆ,
ಸೆಟ್ಲ್ಡ್ ಅಂದ್ರೆ ಒಳ್ಳೆ ಮಾತಲ್ಲಮ್ಮ,
ಪೂರಾ ಕೊಟ್ಟಿಲ್ಲ ಅಂತ ಅರ್ಥ.
ಏಳು ವರ್ಷ ಹಂಗೇ ಕೂತಿರ್ತೈತಿ.
ಏಳೂವರೆ ಶನಿಗಿಂತ ಆರು ತಿಂಗಳು ಕಮ್ಮಿ, ಅಂದುಕೊಂಡೆ.

ಎರಡನೆಯದು ಯಾರದೋ.
ಸಿಂಧನೂರಿನ ಅಂಗಡಿ, ಒಂದು ಫ್ರಿಜ್ಜು,
ಒಂಬತ್ತು ಸಾವಿರದ ನಾನೂರು, ರೈಟ್ ಆಫ್.
ಹೆಸರು ಹುಲಿಗೆಮ್ಮ. ಹುಟ್ಟಿದ್ದು ಜೂನ್ ಒಂದು.
ವರ್ಷವೂ ನನ್ನದೇ.

ಸಾಲಿಗೆ ಹಾಕುವಾಗ ಮೇಷ್ಟ್ರು ಕೇಳಿದ್ದರು, ಹುಟ್ಟಿದ್ದು ಯಾವಾಗ?
ಅಲಾವಿ ಹಬ್ಬದ ಮರುದಿನ,
ಸಜ್ಜೆ ಕೊಯ್ಯೋ ಹೊತ್ತು, ಅಂದಳು ಅವ್ವ.
ಮೇಷ್ಟ್ರು ಜೂನ್ ಒಂದು ಅಂತ ಬರೆದರು.
ಕ್ಲಾಸಿನ ಮೂವತ್ತೊಂದು ಮಕ್ಕಳೂ ಅವತ್ತೇ ಹುಟ್ಟಿದೆವು,
ಅದರಲ್ಲಿ ಹುಲಿಗೆಮ್ಮಂದಿರು ನಾಲ್ವರು.
ಹೊಳೆಯ ಆಚೆ ಈಚೆ ಯಾವ ಊರಲ್ಲಿ ಕೂಗಿದರೂ
ಇಬ್ಬರಾದರೂ ತಿರುಗಿ ನೋಡುತ್ತಾರೆ.

ಆನ್‌ಲೈನ್ ಸೆಂಟರಿನಲ್ಲಿ ಕೂತು ಬರೆಸಿದೆ: ಈ ಸಾಲ ನನ್ನದಲ್ಲ.
ಆಧಾರ್, ಪ್ಯಾನು, ಕರೆಂಟು ಬಿಲ್ಲು.
ಹೆಬ್ಬೆರಳಿಗೆ ಇಳಿದ ನೀಲಿ ಕಾಗದದ ಅಂಚಿಗೆಲ್ಲ ಹತ್ತಿತು.
ಮೂವತ್ತು ದಿನ ಅಂದರು,
ಇಪ್ಪತ್ತಾರಕ್ಕೆ ಮೆಸೇಜು ಬಂತು,
ಸಿಂಧನೂರು ಅಳಿಸಿ ಹೋಗಿತ್ತು.

ಖುಷಿಯಾಯಿತು.
ರಾತ್ರಿ ನಿದ್ದೆ ಮಾತ್ರ ಹತ್ತಲಿಲ್ಲ.
ಅಳಿಸಿದ್ದು ಹೋಗುವುದು ಎಲ್ಲಿಗೆ? ಅವಳ ಹೆಸರಿಗೇ ತಾನೆ.
ಅವಳೂ ಯಾವುದೋ ಕುರ್ಚಿಯ ತುದಿಗೆ ಕೂತು
ಪಾಸೋ ಫೇಲೋ ಕೇಳುತ್ತಿರಬಹುದು.
ಫ್ರಿಜ್ಜು ಮನೆಯಲ್ಲೇ ಇದೆಯೋ, ಎಳೆದುಕೊಂಡು ಹೋದರೋ,
ಅದರಲ್ಲಿ ಏನಿಟ್ಟಿದ್ದಳೋ,
ಮೊಸರೋ, ಮಾರುವ ಐಸ್ ಪಾಕೀಟೋ,
ಗಂಡನ ಇನ್ಸುಲಿನ್ನೋ.

ಬೆಳಿಗ್ಗೆ ವಾಶಿಂಗ್ ಯೂನಿಟ್ಟಿನಿಂದ ಪ್ಯಾಂಟು ಬಂದವು,
ಮೊಣಕಾಲಿಗೆ ಬೇಕಂತಲೇ ಹರಿದವು,
ತೊಡೆಗೆ ಬೇಕಂತಲೇ ಬಣ್ಣ ತೆಗೆದವು.
ಹರಿದದ್ದಕ್ಕೆ ರೇಟು ಜಾಸ್ತಿ.
ಬ್ಯಾಂಕಿನ ಹುಡುಗನಿಗೆ ಇದನ್ನು ಹೇಳಬೇಕೆನಿಸಿತು.
ಅವನೂ ಜೀನ್ಸೇ ತೊಟ್ಟಿದ್ದ.

ಉಳಿದದ್ದು ಕಟ್ಟಿದರೆ
ಸೆಟ್ಲ್ಡ್ ಹೋಗಿ ಕ್ಲೋಸ್ಡ್ ಆಗುತ್ತದಂತೆ.
ಫೈನಾನ್ಸಿನವನಿಗೆ ಫೋನು ಹಚ್ಚಿದೆ.
ತಾನಾಗಿ ಕಟ್ಟುತ್ತೇನೆ ಅನ್ನುವವರನ್ನು
ಅವನು ಕಂಡಿರಲಿಲ್ಲವೇನೋ, ಸುಮಾರು ಹೊತ್ತು ಸುಮ್ಮನಿದ್ದ.
ಯಾರಮ್ಮ ಮಾತಾಡೋದು?
ಹುಲಿಗೆಮ್ಮ.
ಯಾವ ಹುಲಿಗೆಮ್ಮ?

ಮೂವತ್ತೆಂಟು ಕೊಟ್ಟಾಕಿ, ಅಂದೆ.
ಇನ್ನಾ ಇಪ್ಪತ್ಮೂರು ಕೊಡಬೇಕಾದಾಕಿ.