ಪಾಳಿ

ಇಪ್ಪತ್ತೆರಡು ವರ್ಷ ಟ್ರೆಡಲ್ ಮಷೀನಿನ ಬಾಯಾಗ
ಕಾಗದ ಇಟ್ಟ ಕೈ ಇದು.
ಬಾಯಿ ತೆರೀತಂದ್ರ ಒಳಗ, ಮುಚ್ಚೂದರಾಗ ಹೊರಗ.
ಲಗ್ನಪತ್ರಿಕಿ, ಕಿರಾಣಿ ಬಿಲ್ಲು, ಸತ್ತವರ ಕಾರ್ಡು,
ಬಲಗೈ ಕೊಡತಿತ್ತು, ಎಡಗೈ ತಗೀತಿತ್ತು.
ತಲಿಗೆ ಏನೂ ಕೆಲಸ ಇರಲಿಲ್ಲ,
ಅದು ಟಾಂಗಾಕೂಟದಾಗ ತಿರಗ್ಯಾಡಿ
ಸಂಜಿಕ್ ಬಂದು ಹೆಗಲ ಮ್ಯಾಲೆ ಕೂಡತಿತ್ತು.

ಆಫ್‌ಸೆಟ್ ಬಂತು. ಟ್ರೆಡಲ್ ತೂಕಕ್ಕ ಹೋತು.
ಈಗ ಮುಳಗುಂದ ನಾಕಾದಾಗ ಝೆರಾಕ್ಸ್ ಅಂಗಡಿ,
ಆಧಾರ ಕಾರ್ಡು ಎರಡೂ ಮಗ್ಗಲ, ಐದು ರೂಪಾಯಿ.
ಹಸರು ಬೆಳಕು ತಾನ ಹೋಗತೈತಿ, ತಾನ ಬರತೈತಿ.
ಕೈಗೆ ಹಸಿವಾತು.

ಅದಕ್ಕ ಈ ಐವತ್ತಮೂರರಾಗ
ಹುಬ್ಬಳ್ಳಿಯಿಂದ ಸೆಕೆಂಡ್‌ಹ್ಯಾಂಡ್ ತಂದ ಆಟದ ಡಬ್ಬಿ,
ಶಟರ್ ಅರ್ಧ ಇಳಿಸಿ
ರಾತ್ರಿ ಒಂಬತ್ತರ ಮ್ಯಾಲೆ ಗುಂಡು ಹಾರಸ್ತೀನಿ.
ಗ್ವಾಡಿ ಹಿಂದಿಂದ ಒಬ್ಬ ಹಣಿಕಿದ, ಢಂ.
ಮಾಳಗಿ ಮ್ಯಾಲೆ ನೆರಳು ಹಾಯ್ತು, ಢಂ.
ಕಣ್ಣು ನೋಡೂದರಾಗ ನಡುಬೆರಳು ಮುಗಿಸಿರತೈತಿ.
ಮೀಸಿ ಮೂಡದ ಹುಡುಗರು ಎಲ್ಲೆಲ್ಲಿಂದಲೋ ಬೈತಾರ,
ಗೊತ್ತಿಲ್ಲದ ಭಾಷಾದಾಗ. ಬೈಗಳ ಗೊತ್ತಾಗತಾವ.

ತುಳಜಾಸಾ ಬೆಟಗೇರಿಯಂವ, ಮಗ್ಗದಂವ.
ಅಳಿಯ ಬಿಟ್ಟುಹೋದ ಲ್ಯಾಪ್‌ಟಾಪ್ ಬಗಲಾಗ ಹಿಡಕೊಂಡು ಬರ್ತಾನ.
ಅವನ ಆಟ ಬ್ಯಾರೆ: ಒಂದು ಹೊಳಿ, ನಾಕು ಹೊಲ, ಒಂದು ಕ್ವಾಟಿ.
ಒಂದು ನಡಿ ನಡಿಸಾಕ ಗಡ್ಡ ತುರಸ್ತಾನ,
ಎಳಿ ಎಣಿಸಿದಂಗ ಬೆರಳ ಮ್ಯಾಲೆ ಎಣಸ್ತಾನ,
ಎದ್ದು ಹೋಗಿ ಎಲಿ ಹಾಕ್ಕೊಂಡು ಬಂದು
"ನಾಳೆ ನೋಡೂಣು" ಅಂತ ಚಾಳೀಸು ಮಡಚತಾನ.
ಅವನ ದಂಡು ಮೂರು ವಾರದಿಂದ
ಅದ ಹೊಳಿ ದಾಟಾಕ ಹತ್ತೇತಿ.

"ಇದು ಆಟೇನೋ, ಸೊಸೈಟಿ ಲೆಕ್ಕೇನೋ?" ಅಂದೆ ನಾ.
"ನಿಂದೇನ್ ಮತ್ತ? ಗುಂಗಾಡ ಹೊಡಿಯೂದು" ಅಂದ.

ಒಂದಿನ ಹಟಕ್ಕ ಬಿದ್ದು ಅದಲಿ ಬದಲಿ ಮಾಡಿದ್ವಿ.
ತುಳಜಾಸಾ ನನ್ನ ಓಣಿಗೆ ಇಳಿದ.
"ಯಾವ ಕಡಿಂದ ಬರಬಹುದು ಇವರು" ಅನ್ನೂದರಾಗ ಸತ್ತ.
ಮತ್ತ ಇಳಿದ. ಮತ್ತ ಸತ್ತ.
ಹನ್ನೊಂದು ಸಲ. ಹನ್ನೊಂದು ಸಲಾನೂ ನಕ್ಕ,
ಅಡಕಿ ನೆತ್ತಿಗೇರೂ ಹಂಗ.

ನನ್ನ ಮುಂದ ಅವನ ಹೊಳಿ.
ಯಾರೂ ಹಣಿಕಲಿಲ್ಲ. ಯಾರೂ ಹಾಯಲಿಲ್ಲ.
ಕೆಳಗ ಮೂಲ್ಯಾಗ ಎರಡು ಇಂಗ್ಲಿಷ್ ಶಬ್ದ ಮಿಣಮಿಣ.
"ಏನಂತೈತಿ?"
"ನಿನ್ನ ಪಾಳಿ ಅಂತೈತಿ."
"ಎಷ್ಟೊತ್ತು ಅಂತೈತಿ?"
"ನೀ ಒತ್ತೂ ತನಕ."

ನನಗ ಗೊತ್ತಿದ್ದುದು ಹಗಲಪಾಳಿ, ರಾತ್ರಿಪಾಳಿ.
ಮಷೀನ್ ಅನ್ನೂದೊಂದು
"ಕಾಯ್ತೀನಿ, ವಿಚಾರ ಮಾಡು" ಅಂದದ್ದು
ಈ ಜಲ್ಮದಾಗ ಕೇಳಿರಲಿಲ್ಲ.

ವಿಚಾರ ಮಾಡಿದ್ದೆ ಒಮ್ಮೆ, ಟ್ರೆಡಲ್ ಮುಂದ ನಿಂತು.
ಲಗ್ನದ ಸುಗ್ಗಿ, ರಾತ್ರಿ ಹನ್ನೊಂದು.
ತಂಗಿ ದೇವಕ್ಕನ ನರ್ಸಿಂಗ್ ಫೀ:
ಅರ್ಧ ಈಗ, ಅರ್ಧ ಸಂಕ್ರಾಂತಿಗೆ,
ಚೀಟಿ ಎತ್ತಿದರ...
ಇಷ್ಟ. ಒಂದು ಉಸಿರಿನಷ್ಟು.
ಬಲಗೈ ತೋರಬೆರಳಿನ ತುದಿ
ಯಾರದೋ ಪತ್ರಿಕಿ ಮ್ಯಾಲೆ
"ತಮ್ಮ ಸುಖಾಗಮನ ಬಯಸುವವರು" ಅನ್ನೂದರ ಕೆಳಗ
ಅಚ್ಚಾತು.
ಮಾಲಕರು ಐದುನೂರು ಕೊಟ್ರು,
ಅದೊಂದು ಪತ್ರಿಕಿ ತಗದು
ಉಳಿದದ್ದು ಕಟ್ಟಿ ಕಳಿಸಿದ್ರು.
ಆವತ್ತಿಂದ ನನ್ನ ಕೈ
ನನ್ನ ತಲಿಯ ಕೂಡ ಮಾತು ಬಿಟ್ಟೈತಿ.

"ಒತ್ತೋ" ಅನ್ನಲಿಲ್ಲ ತುಳಜಾಸಾ.
ಹನ್ನೆರಡನೇ ಸಲ ಸಾಯಾಕ ಇಳಿದಿದ್ದ.
ಹೊಳಿ ದಂಡಿಗೆ ದಂಡು ನಿಂತಿತ್ತು,
ಕಡ್ಡಿಯಷ್ಟ ಭರ್ಚಿ ಹಿಡಕೊಂಡು, ನನ್ನ ಮಾರಿ ನೋಡಕೋತ.
ಕಡೀ ಬಸ್ಸು ನಾಕಾ ದಾಟಿತು, ಶಟರ್ ನಡುಗಿತು.
ಮೋಟು ಬೆರಳು ಗುಂಡಿ ಮ್ಯಾಲೆ ಇಟ್ಟೆ.
ರೂಢಿ ನೋಡು, ಗಪ್ಪನ ತಗದೆ.

ಏನೂ ಮುಚ್ಚಲಿಲ್ಲ.

ಮತ್ತ ಇಟ್ಟೆ.