ಹಳದಿ ದೀಪ

ಆಳಂದ ನಾಕಾ ದಾಟೂದ್ರಾಗ
ಹಳದಿ ದೀಪ ಹತ್ತಿತು. ಕಾರು ನಿಂತೇ ಬಿಡ್ತು,
ಹಿಂದ ಟಂಟಂಗಳ ಬೈಗುಳ.

ಖದೀರ ಬಂದು ಸ್ಟೇರಿಂಗಿನ ಕೆಳಗ ವಾಯರು ಚುಚ್ಚಿ
ನಾಡಿ ಹಿಡದಂಗ ಕುಂತ.
"ಇಂಜಿನ್ ಬರಾಬರ್ ಅದ ಅಕ್ಕಾ, ತಲಿ ಕೆಟ್ಟದ.
ಹೊಸಾ ತಲಿಗೆ ಹದಿನೆಂಟ ಸಾವಿರ."
ಇಡೀ ಕಾರೇ ಅರವತ್ತಕ್ಕ ತಗೊಂಡಿದ್ದೆ.

"ಒಂದ ದಿನಾನೂ ಕೈ ಕೊಟ್ಟಿಲ್ರಿ" ಅಂದಿದ್ದ ಮಾಣಿಕರಾವ.
ಪರದಿ ಮ್ಯಾಲ ಅವನ ಕಾಲದ ಕೋಡು
ಒಂದೊಂದೇ ಬಾಯಿ ಬಿಟ್ಟವು.
ಚಾಲೂ ಆಗೂದು ಮರತದ,
ಇದು ಮರತಿಲ್ಲ.

ಡಬ್ಬಿ ಬಿಚ್ಚಿ, ಹಿಂಡಿದ ಟಾವೆಲ್ ಸುತ್ತಿ
ಬೇವಿನ ನೆರಳಿಗಿಟ್ಟ, ಜ್ವರದ ಕೂಸಿನಂಗ.
"ಬಿಸಲಿಗೆ ಹಿಂಗ. ತಂಪಾದ್ರ ನೆನಪು ಬರ್ತದ."

ಸಂಜಿ ಆರಕ್ಕ ಬಂತು. ದೀಪ ಮಾತ್ರ ಆರಲಿಲ್ಲ.
ಹಣಿ ಮ್ಯಾಲಿನ ಟಿಕಳಿ ತಗದು
ಅದರ ಮ್ಯಾಲ ಹಚ್ಚೀನಿ.
ಸುತ್ತಲೂ ಹಳದಿ ಇಣಕತದ.