ಎಡಗೈ ಊಟ

ಉದ್ಯಮಬಾಗದ ಎರಡನೇ ಪಾಳಿಯ ಭೋಂಗಾ
ಅವತ್ತೂ ಹೊತ್ತಿಗೆ ಸರಿಯಾಗೇ ಕೂಗಿತ್ತಂತ.
ಪ್ರೆಸ್ಸಿನ ಬಾಯಾಗ ಅಪ್ಪನ ಬಲಗೈ,
ಮಣಿಕಟ್ಟಿನತನಕ.
ತಾನಾಜಿ ಕಾಕಾ ಅವನ ಬುತ್ತಿ ಡಬ್ಬಿ ತಂದು ಕಟ್ಟಿ ಮ್ಯಾಲಿಟ್ಟ.
ಇನ್ನೂ ತಗದಿದ್ದಿಲ್ಲ. ಎರಡು ರೊಟ್ಟಿ, ಹೆಸರಕಾಳ ಪಲ್ಯ.
ಅವ್ವ ಅದನ್ನ ತಿಕ್ಕಿ ತೊಳದು ಬೋರಲ ಹಾಕಿದ್ಲು.
ಅಷ್ಟ.

ನಾನು ಹುಟ್ಟಾ ಎಡಚಿ.
ಎಡಗೈಲೆ ತುತ್ತು ಎತ್ತಿದಾಗೊಮ್ಮೆ
ನಿಂಬೆವ್ವಜ್ಜಿ ಸೌಟಿನ ಹಿಡಿಕಿಲೆ ಗೆಣ್ಣಿಗೆ ಕುಟ್ಟತಿದ್ಲು:
"ಆ ಕೈ ತೊಳಕೊಳ್ಳಾಕ ಐತಿ, ಉಣ್ಣಾಕಲ್ಲ."
ಅಪ್ಪನೂ ಒಮ್ಮೆ ಅದನ್ನ ಲಂಗದ ಲಾಡಿಲೆ ಬೆನ್ನಿಗೆ ಕಟ್ಟಿ
ಹತ್ತರತನಕ ಮಗ್ಗಿ ಬರಸಿದ್ದ.

ದವಾಖಾನಿಯಿಂದ ಬಂದಾಂವ
ಇಪ್ಪತ್ತು ದಿನ ಅವ್ವನ ಕೈತುತ್ತು ತಿಂದ, ಗ್ವಾಡಿ ನೋಡಕೋತ.
ಇಪ್ಪತ್ತೊಂದಕ್ಕ ಬಾಯಿ ತಗೀಲಿಲ್ಲ.
ತಾಟು ನೂಕಿದ. ತಂಬಿಗಿ ಉರುಳಿ
ನೀರು ಹೊಸ್ತಿಲತನಕ ಹೋತು.
ಯಾರೂ ಒರಸಲಿಲ್ಲ.

ಓಣಿ ಮಂದಿ ಬಂದ್ರು,
ದೇವರು ದೊಡ್ಡಾಂವ ಅಂದ್ರು, ಚಹಾ ಕುಡದ್ರು,
ಬಲಗೈಲೆ.

ಪರಿಹಾರದ ಕಾಗದದಾಗ ಸಹಿ ಹಳೇದಕ್ಕ ಕೂಡಲಿಲ್ಲ.
ಬ್ಯಾಂಕಿನ ಹುಡುಗ "ಹೆಬ್ಬಟ್ಟು ಒತ್ತಿಬಿಡ್ರಿ" ಅಂದ.
ಏಳನೇತ್ತ ಪಾಸಾದ ಅಡಿವೆಪ್ಪ
ಒತ್ತಲಿಲ್ಲ.
ಆ ರಾತ್ರಿ ಕರೆಂಟು ಹೋದಾಗ ನನ್ನ ಬಾಜೂಕ ಬಂದು ಕುಂತ,
ಸಣ್ಣಗ ಕೇಳಿದ:
"ನೀ ಪೆನ್ಸಿಲ್ ಹೆಂಗ ಹಿಡೀತಿ?"

ತೋರಿಸಿದೆ. ವಹಿ ಓರೆ ಇಡಬೇಕಪಾ.
ಬರದದ್ದನ್ನ ಅಂಗೈನ ಅಳಸಕೋತ ಹೊಕ್ಕೈತಿ,
ಅದನ್ನ ಒಂಚೂರು ಎತ್ತಿ ಹಿಡೀಬೇಕು.
ಅವನ ಮೊದಲನೇ 'ಅ'
ಕಾಲು ಮುರದ ಕುರ್ಚಿಯಂಗ ಬಿದ್ದಿತ್ತು.
ನಕ್ಕಬಿಟ್ಟೆ. ಹೆದರಿದೆ.
ಚಿಮಣಿ ಬೆಳಕಿನಾಗ ಅವನ ಹಲ್ಲೂ ಕಂಡ್ವು.

ಮರುದಿನ ಊಟಕ್ಕ ಅಪ್ಪ
ಎಡಗೈಲೆ ರೊಟ್ಟಿ ಮುರಿಯಾಕ ಹೋದ.
ಬಿಸಿ ರೊಟ್ಟಿ, ಮೆತ್ತಗ; ತಾಟಿನ ತುಂಬ ತಿರಗೇ ತಿರಗಿತು.
ಹೆಬ್ಬಟ್ಟಲೆ ಒತ್ತು, ಕಿರುಬೆರಳಲೆ ಹರಿ ಅಂತ ತೋರಸಾಕ
ನನ್ನ ಕೈ ತಾನ ಮುಂದ ಬಂತು. ಎಡದ್ದು.
ಸೌಟು ಅಜ್ಜಿ ಮಗ್ಗಲದಾಗ ಇತ್ತು.
ಉಸಿರು ಹಿಡಕೊಂಡೆ.

ಅಜ್ಜಿ ತನ್ನ ಬಲಗೈ ಸೆರಗಿನಾಗ ಸುತ್ತಿದ್ಲು.
ಎಡಗೈಲೆ ಪುಂಡಿಪಲ್ಯಕ್ಕ ತುತ್ತು ಒತ್ತಿದ್ಲು,
ಎಂಬತ್ತು ವರ್ಷದಾಗ ಮೊದಲನೇದು.
ಅರ್ಧ ಉಡಿಯಾಗ ಬಿತ್ತು, ಅರ್ಧ ಗದ್ದಕ್ಕ ಮೆತ್ತಿತು.
"ಉಪ್ಪು ಕಮ್ಮಿ ಆಗೈತಿ" ಅಂದ್ಲು ಸೊಸಿಗೆ.
ಅವ್ವ ಉಪ್ಪಿನ ಡಬ್ಬಿ ಕೊಟ್ಲು. ಎಡಗೈಲೆ.

ಎಲ್ಲಾ ಸರಿ ಆತು ಅಂತ ಅನ್ನಬ್ಯಾಡ್ರಿ.
ಥಂಡಿ ದಿನಕ್ಕ ಇಲ್ಲದ ಬೆರಳು ಅಪ್ಪಗ ಇನ್ನೂ ಕಡೀತಾವ,
ನಡುರಾತ್ರಿ ಅವ್ವ ಬರೇ ಗಾಳಿ ತಿಕ್ಕತಾಳ.
ಬೆಳಿಗ್ಗೆ ಎದ್ದು ಖಾನಾವಳಿಗೆ ಇನ್ನೂರು ರೊಟ್ಟಿ ಬಡೀತಾಳ;
ಅಪ್ಪ ಎಣಿಸಿ ಲೆಕ್ಕ ಬರೀತಾನ,
ಅಕ್ಷರ ಎಲ್ಲಾ ಗಾಳಿಗೆ ಬಾಗಿದ ಜ್ವಾಳದ ದಂಟು.

ಅಥಣಿ ಬೀಗರು ಬಂದ್ರ ಮೂಗು ಮುರೀತಾರ:
ಇದೆಂಥಾ ಮನಿತನ, ಸಾಲಿಗೆ ಸಾಲು ಎಡಚರು!
ಅಜ್ಜಿ ಸೌಟು ಕೈಗೆ ತಗೋತಾಳ.
ಅವರು ಸುಮ್ಮನ ಉಣ್ಣತಾರ.